ಸೌಟಿಗಿಂತ ನಾಲ್ಕು ಬೆರಳು ಉದ್ದ

ಮದುವೆಯಾಗಿ ಹದಿನೇಳು ವರ್ಷವಾದ ಗಂಡಸು ಶನಿವಾರ ಬೆಳಿಗ್ಗೆ ತಾನಾಗಿಯೇ ಎದ್ದು, ತಾನೇ ಕಾಫಿ ಬೆರೆಸಿಕೊಂಡು, ಸಿಳ್ಳೆ ಹಾಕುತ್ತ ಮನೆ ಬಿಟ್ಟರೆ ನೀವು ಏನೆಂದುಕೊಳ್ಳುತ್ತೀರಿ? ಒಳ್ಳೆಯದನ್ನೇ ಅಂದುಕೊಳ್ಳುವುದಾದರೆ ನಿಮಗಿನ್ನೂ ಮದುವೆಯಾಗಿಲ್ಲ, ಅಥವಾ ಆಗಿ ಆರು ತಿಂಗಳು ಕಳೆದಿಲ್ಲ. ನಾನಂತೂ ಅಂದುಕೊಳ್ಳಲಿಲ್ಲ. ನಮ್ಮ ಯಜಮಾನರು ಬದರಿನಾಥ್, ಸೇತುವೆಗಳು ಬೀಳದಂತೆ ನೋಡಿಕೊಳ್ಳುವ ಎಂಜಿನಿಯರು. ಮೈಸೂರಿನಲ್ಲಿದ್ದಾಗಲೂ ಶನಿವಾರ ಒಂಬತ್ತಕ್ಕೆ ಮುಂಚೆ ಎದ್ದವರಲ್ಲ. ಆಕ್ಲೆಂಡಿಗೆ ಬಂದು ತಕಾನಿನಿ ಬಡಾವಣೆಯಲ್ಲಿ ಮನೆ ಕಟ್ಟಿಸಿದ ಮೇಲೆ ಅದು ಹತ್ತಾಯಿತು. ಅಂಥವರು ಹೋದ ಡಿಸೆಂಬರಿನಿಂದ ಆರಕ್ಕೇ ಎದ್ದು ಹೊರಡತೊಡಗಿದರು.

"ಎಲ್ಲಿಗ್ರೀ?" ಎಂದೆ.

"ವಾಕಿಂಗು."

"ಯಾರ ಜೊತೆ?"

"ಆಫೀಸಿನೋರು ಕಣೇ. ಒಂದು ಗುಂಪಿದೆ."

ವಾಕಿಂಗಿಗೆ ಹೋದವರು ವಾಪಸು ಬರುತ್ತಿದ್ದುದು ಮಧ್ಯಾಹ್ನ ಮೂರಕ್ಕೆ. ಜೊತೆಗೆ ಮೂರು ಡಬ್ಬಿ ತಿಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು, ಮೂರೂ ಖಾಲಿಯಾಗಿ ಬರುತ್ತಿದ್ದವು. ಬೂಟು ನೋಡಿದರೆ ಒಣಗಿದೆ, ಒಳಗಿನ ಕಾಲುಚೀಲ ಹಿಂಡಿದರೆ ನೀರು. ಬೂಟು ನೆನೆಯದೆ ಕಾಲುಚೀಲ ಮಾತ್ರ ನೆನೆಯುವ ವಾಕಿಂಗ್ ಯಾವುದು? ಇದೆಲ್ಲ ಹೋಗಲಿ, ಮನೆಗೆ ಬಂದಾಗ ಅವರ ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಕಸ ಹೊರಗಿಡಿ ಎಂದರೆ ನಗುನಗುತ್ತ ಇಟ್ಟು ಬರುತ್ತಿದ್ದರು. ನನಗೆ ಅನುಮಾನ ಗಟ್ಟಿಯಾದದ್ದೇ ಆ ನಗುವಿನಿಂದ.

ಗಂಡ ನಕ್ಕಿದ್ದನ್ನೇ ಇವಳು ಇಷ್ಟು ದೊಡ್ಡದು ಮಾಡುತ್ತಿದ್ದಾಳಲ್ಲ ಎಂದು ನಿಮಗೆ ಅನ್ನಿಸಬಹುದು. ನನ್ನ ಸ್ಥಾನಮಾನ ನಿಮಗೆ ತಿಳಿಯದು, ಅದಕ್ಕೆ. ಇಲ್ಲಿಯ ನಮ್ಮ ಕನ್ನಡ ಬಳಗಕ್ಕೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಲ್ಲರೂ ಇದ್ದಾರೆ, ಅವರನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಕೇಳುವುದು ಸೌಟು ಯಾರ ಕೈಯಲ್ಲಿದೆ ಎಂದು. ಯುಗಾದಿಗೆ, ಗೌರಿ-ಗಣೇಶನಿಗೆ, ದೀಪಾವಳಿಗೆ ಇನ್ನೂರು ಜನಕ್ಕೆ ಸಮುದಾಯ ಭವನದಲ್ಲಿ ಅಡುಗೆಯಾಗುತ್ತದೆ. ಆ ಅಡುಗೆಯ ಸರ್ವಾಧಿಕಾರ ಇರುವುದು ಮೊಳದುದ್ದದ ಒಂದು ಹಿತ್ತಾಳೆ ಸೌಟಿನಲ್ಲಿ. ಬಳಗ ಶುರುಮಾಡಿದ ಹಿರಿಯರೊಬ್ಬರು ಅದನ್ನು ಮೈಸೂರಿನಿಂದ ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟು ತಂದದ್ದು. (ವಿಮಾನ ನಿಲ್ದಾಣದವರು ಆಯುಧವೆಂದು ತಿಳಿದು ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದರಂತೆ. ಅವರು ತಪ್ಪೇನೂ ತಿಳಿದಿರಲಿಲ್ಲ.) ಸೌಟು ಹಿಡಿದವಳು ಸಾರಿಗೆ ಉಪ್ಪು ಸಾಕು ಎಂದರೆ ಸಾಕು. ಅವಳು ಪಂಕ್ತಿಗೆ ಬಡಿಸಿ ಎಂದಮೇಲೆಯೇ ಅಧ್ಯಕ್ಷರಿಗೂ ಅನ್ನ.

ಆ ಸೌಟು ನಾಲ್ಕು ವರ್ಷ ರತ್ನಾ ಕೈಯಲ್ಲಿತ್ತು. ಅವಳ ಬಿಸಿಬೇಳೆಭಾತು ಚೆನ್ನಾಗಿರುತ್ತಿತ್ತು ಎಂದು ಜನ ಹೇಳುತ್ತಾರೆ, ಜನ ಏನು ಬೇಕಾದರೂ ಹೇಳುತ್ತಾರೆ. ಹೋದ ದೀಪಾವಳಿಯ ದಿನ ಸಾರಿನ ಪಾತ್ರೆ ಇಳಿಸಲೆಂದು ನಾನು ಅವಳ ಕಾರಿನ ಡಿಕ್ಕಿ ತೆಗೆದೆ. ಪಾತ್ರೆಯ ಪಕ್ಕದಲ್ಲೇ ಏವನ್‌ಡೇಲ್ ಭಾನುವಾರದ ಸಂತೆಯಿಂದ ತಂದ ಮೊಟ್ಟೆಯ ಟ್ರೇ ಕೂತಿತ್ತು. ಒಂದಲ್ಲ, ಮೂವತ್ತು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನಮ್ಮ ವಂಶದಲ್ಲೇ ಇಲ್ಲ.

"ಪಕ್ಕದ ಮನೆಯೋರಿಗೆ ತಂದಿದ್ದು ಕಣ್ರೀ ಕಾಮಾಕ್ಷಿ" ಎಂದು ಸಮಿತಿಯ ಮುಂದೆ ಅವಳು ಅತ್ತಳು.

"ಮೊಟ್ಟೆ ಮೇಲೆ ಪಕ್ಕದ ಮನೆಯೋರ ಹೆಸರು ಬರ್ದಿದ್ಯಾ ರತ್ನಾ?" ಎಂದು ನಾನು ಕೇಳಿದೆ.

ಅವತ್ತೇ ನಾನು ಒಂದು ನಿಯಮ ಬರೆದು ಎಲ್ಲರ ಸಹಿ ಹಾಕಿಸಿದೆ. ಸೌಟು ಹಿಡಿಯುವವರ ಮನೆಯಲ್ಲಿ, ಕಾರಿನಲ್ಲಿ, ಕೈಯಲ್ಲಿ ಮೊಟ್ಟೆ, ಮೀನು, ಮಾಂಸದ ಸುಳಿವು ಕಂಡರೆ ಸೌಟು ತಕ್ಷಣ ಹಿಂದಕ್ಕೆ. ಸೌಟು ನನ್ನ ಕೈಗೆ ಬಂತು. ರತ್ನಾ ಕಣ್ಣೊರೆಸಿಕೊಂಡು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಅಂದಿನಿಂದ ಎಲ್ಲಿ ಸಿಕ್ಕರೂ, "ನಿಮ್ಮನೇಲಿ ಎಲ್ಲ ಶುದ್ಧ ತಾನೇ ಕಾಮಾಕ್ಷಿ?" ಎಂದು ಕುಶಲ ವಿಚಾರಿಸುವಂತೆ ವಿಚಾರಿಸುತ್ತಾಳೆ.

ಹಾಗಾಗಿ ನಮ್ಮ ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ನಗುತ್ತಿದ್ದರೆ ನಾನು ನೋಡಿಕೊಂಡು ಇರುವಂತಿರಲಿಲ್ಲ.

ತನಿಖೆಯನ್ನು ಗ್ಯಾರೇಜಿನಿಂದ ಆರಂಭಿಸಿದೆ. ಮೇಲಿನ ಅಟ್ಟಣಿಗೆಯಲ್ಲಿ, ಹಳೆಯ ಪ್ರಿಂಟರಿನ ಹಿಂದೆ, ಒಂದು ತಗಡಿನ ಡಬ್ಬಿ ಸಿಕ್ಕಿತು. ತೆಗೆದು ನೋಡಿದೆ. ಒಳಗೆ ಹಕ್ಕಿಯ ಪುಕ್ಕ, ಯಾವುದೋ ಪ್ರಾಣಿಯ ಕೂದಲು, ಕೆಂಪು ದಾರ, ಕಪ್ಪು ದಾರ. ಪುಕ್ಕಕ್ಕೆ ಕೂದಲು ಸೇರಿಸಿ ದಾರದಿಂದ ಬಿಗಿದು ಕಟ್ಟಿದ ಸಣ್ಣ ಸಣ್ಣ ಕಂತೆಗಳು, ಇಪ್ಪತ್ತಕ್ಕೆ ಕಡಿಮೆಯಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಯಾರೂ ಅದನ್ನು ನೋಡಿ ಇನ್ನೊಂದು ಅರ್ಥ ಮಾಡಿಕೊಳ್ಳಲಾರರು. ಯಾರೋ ಮಾಟ ಮಾಡಿಸಿದ್ದಾರೆ. ಯಾರು ಎಂದು ನಾನು ಬಾಯಿಬಿಟ್ಟು ಹೇಳುವುದಿಲ್ಲ, ಮೊಟ್ಟೆಯಿಂದ ಸೌಟು ಕಳೆದುಕೊಂಡವರು ಯಾರೆಂದು ನಿಮಗೇ ಗೊತ್ತು. ನಾಲ್ಕು ನಿಂಬೆಹಣ್ಣು ಕುಯ್ದು ಕುಂಕುಮ ಹಚ್ಚಿ ಗ್ಯಾರೇಜಿನ ನಾಲ್ಕು ಮೂಲೆಗೂ ಇಟ್ಟೆ.

"ಗ್ಯಾರೇಜಲ್ಲಿ ನಿಂಬೆಹಣ್ಣು ಯಾಕಿದೆ?" ಎಂದು ಯಜಮಾನರು ಕೇಳಿದರು.

"ಇಲಿಗೆ."

"ಇಲಿ ನಿಂಬೆಹಣ್ಣು ತಿನ್ನತ್ತಾ?"

"ಇಲ್ಲಿಯ ಇಲಿ ತಿನ್ನತ್ತೆ."

ಅವರು ಸರಿ ಎಂದು ಒಳಗೆ ಹೋದರು. ನನ್ನ ಗಂಡ ನನ್ನ ಜೊತೆ ವಾದ ಬೆಳೆಸದಿದ್ದಾಗಲೆಲ್ಲ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ.

ಮುಂದಿನ ವಾರ ಅದೇ ಗ್ಯಾರೇಜಿನ ಬಾಗಿಲ ಹಿಂದೆ ಒಂದು ಪ್ಯಾಂಟು ನೇತಾಡುತ್ತಿತ್ತು. ರಬ್ಬರಿನದು, ಎದೆಯವರೆಗೆ ಬರುವಂಥದು, ಹೆಗಲಿಗೆ ಪಟ್ಟಿ, ಕೆಳಗೆ ಪಾದವೂ ಅದಕ್ಕೇ ಅಂಟಿಕೊಂಡಿದೆ, ಪಾದದ ಹೊಲಿಗೆ ಬಿಟ್ಟು ನೀರು ಒಸರುತ್ತಿದೆ. ಮಾಟಕ್ಕೆ ಇಂಥ ಉಡುಪು ಬೇಕಾಗುವುದಿಲ್ಲ ಎನ್ನುವಷ್ಟು ನನಗೂ ಗೊತ್ತು. ಹಾಗಾದರೆ ಆಫೀಸಿನ ಕೆಲಸ ಹೋಯಿತೇ? ಹೇಳಿಕೊಳ್ಳಲಾರದೆ ಶನಿವಾರ ಯಾರದೋ ಚರಂಡಿಗೆ ಇಳಿಯುತ್ತಿದ್ದಾರೆಯೇ? ಅವತ್ತು ಅವರಿಗೆ ತುಪ್ಪ ಎರಡು ಚಮಚ ಜಾಸ್ತಿ ಹಾಕಿದೆ. ತಿಂದು ಜೋರಾಗಿ ತೇಗಿ ಎದ್ದು ಹೋದರು, ಕೆಲಸ ಕಳೆದುಕೊಂಡವರು ಹಾಗೆ ತೇಗುವುದಿಲ್ಲ.

ಕೊನೆಗೆ ನಿಜ ಬಯಲಾದದ್ದು ಬಟ್ಟೆ ಒಗೆಯುವಾಗ. ಅವರ ಪ್ಯಾಂಟಿನ ಜೇಬಿನಲ್ಲಿ ಮಡಚಿದ ಕಾಗದ ಸಿಕ್ಕಿತು. ಬಿಡಿಸಿ ಓದಿದೆ. ಸಿಹಿನೀರಿನಲ್ಲಿ ಮೀನು ಹಿಡಿಯಲು ಪರವಾನಗಿ. ಮೇಲೆ ಬದರಿನಾಥ್ ಎಂದಿತ್ತು. ಅದರ ಕೆಳಗೆ, ನನ್ನ ಆಣೆಗೂ, ಕಾಮಾಕ್ಷಿ ಎಂದಿತ್ತು. ಅದರ ಕೆಳಗೆ ನಮ್ಮ ಮಗಳು ಲಾಸ್ಯಾ ಹೆಸರು. ಅದು ಕುಟುಂಬ ಸಮೇತ ಮೀನು ಹಿಡಿಯುವ ಪರವಾನಗಿಯಾಗಿತ್ತು.

ವಾಷಿಂಗ್ ಮಷೀನಿನ ಮೇಲೆ ಕೈಯೂರಿ ನಿಂತುಬಿಟ್ಟೆ. ಹದಿನೇಳು ವರ್ಷ ಈರುಳ್ಳಿ ಹಾಕಿದ ಹುಳಿಯನ್ನೂ ಏಕಾದಶಿಯಂದು ಮುಟ್ಟದ ಮನುಷ್ಯ ಮೀನು ಹಿಡಿಯುತ್ತಿದ್ದಾರೆ. ಹಿಡಿದವರು ತಿನ್ನದೆ ಬಿಡುತ್ತಾರೆಯೇ? ಅವತ್ತಿನಿಂದ ಪ್ರತಿ ಶನಿವಾರ ಅವರು ಬಾಗಿಲಿಗೆ ಬಂದೊಡನೆ ಮಾತನಾಡಿಸುವ ನೆಪದಲ್ಲಿ ಬಾಯಿ ಮೂಸಿ ನೋಡತೊಡಗಿದೆ. (ಅವರು ಅದನ್ನು ಪ್ರೀತಿ ಎಂದು ತಿಳಿದು ನಾಚಿಕೊಂಡರು. ನಾನು ಹಾಗೇ ತಿಳಿಯಲಿ ಎಂದು ಬಿಟ್ಟೆ.) ಒಗ್ಗರಣೆಯ ವಾಸನೆ ಬಿಟ್ಟು ಬೇರೇನೂ ಸಿಗಲಿಲ್ಲ. ಸಿಗದಿದ್ದುದರಿಂದ ಅನುಮಾನ ಇನ್ನೂ ಹೆಚ್ಚಾಯಿತು, ಏಲಕ್ಕಿ ಅಗಿದು ಬರುತ್ತಿದ್ದಾರೆ ಎಂದು. ಯುಗಾದಿ ಊಟಕ್ಕೆ ಎರಡು ವಾರ ಉಳಿದಿತ್ತು. ಆ ಕಾಗದದ ವಿಷಯ ರತ್ನಾ ಕಿವಿಗೆ ಬಿದ್ದರೆ ನನ್ನ ಸೌಟು ಹೋದಂತೆಯೇ. ಅವಳಿಗಿಂತ ಮೊದಲು ಪೂರ್ತಿ ನಿಜ ನನಗೆ ತಿಳಿಯಬೇಕಿತ್ತು.

ಶನಿವಾರ ಅವರು ಹೊರಟು ಮೂರು ಗಂಟೆಯಾದ ಮೇಲೆ ಲಾಸ್ಯಾಳನ್ನು ಕರೆದೆ. ಅವಳಿಗೆ ಹನ್ನೊಂದು ವರ್ಷ. ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿ ತೆರೆದರೆ ಮಾತ್ರ ಇಂಗ್ಲಿಷು. ಒಂದೇ ಒಂದು ಇಡೀ ಕನ್ನಡ ವಾಕ್ಯ ಅವಳ ಬಾಯಲ್ಲಿ ಕೇಳಬೇಕೆಂದು ನಾನು ಹೊರದ ಹರಕೆಯಿಲ್ಲ. ಯುಗಾದಿಗೆ ಮಕ್ಕಳ ಭಾಷಣ ಸ್ಪರ್ಧೆಗೆಂದು ಬೇವು ಬೆಲ್ಲದ ಮಹತ್ವ ಬರೆದುಕೊಟ್ಟು ಒಂದು ತಿಂಗಳಿಂದ ಬಾಯಿಪಾಠ ಮಾಡಿಸುತ್ತಿದ್ದೆ, ಅದು ಎರಡನೆಯ ವಾಕ್ಯ ದಾಟಿರಲಿಲ್ಲ.

"ಅಪ್ಪ ಎಲ್ಲಿದಾರೆ ನೋಡೇ, ನಿನ್ನ ಐಪ್ಯಾಡಲ್ಲಿ."

"ಯೂ ಮೀನ್ ಸ್ಪೈ ಆನ್ ಅಪ್ಪ?"

"ಸ್ಪೈ ಅಲ್ಲ. ಕಾಳಜಿ."

ಅವಳು ಪರದೆ ಒತ್ತಿ ಒತ್ತಿ ಅಪ್ಪನ ಫೋನು ಇರುವ ಚುಕ್ಕೆ ಹುಡುಕಿದಳು. ಹ್ಯಾಮಿಲ್ಟನ್ ದಾಟಿ, ಇನ್ನೂ ಕೆಳಗೆ, ಒಂದು ಸಣ್ಣ ನೀಲಿ ಕಲೆಯ ನಟ್ಟನಡುವೆ ಚುಕ್ಕೆ ನಿಂತಿತ್ತು.

"ಅಮ್ಮಾ, ಅಪ್ಪ ಈಸ್ ಇನ್ ದ ಲೇಕ್."

"ದಡದಲ್ಲಿ ಅನ್ನು."

"ನೋ. ಇನ್ ಇಟ್. ರೈಟ್ ಇನ್ ದ ಮಿಡಲ್."

ಅವರಿಗೆ ಈಜು ಬರುವುದಿಲ್ಲ. ಲಾಸ್ಯಾಳನ್ನು ಹಿಂದಿನ ಸೀಟಿಗೆ ಹತ್ತಿಸಿ ಕಾರು ತೆಗೆದೆ. ದಾರಿಯುದ್ದಕ್ಕೂ ಒಂದು ಮನಸ್ಸು ದೇವರೇ ಅವರನ್ನು ಉಳಿಸು ಎನ್ನುತ್ತಿತ್ತು, ಇನ್ನೊಂದು ಮನಸ್ಸು ಉಳಿದರೆ ನನ್ನ ಕೈಗೆ ಸಿಗುತ್ತಾರಲ್ಲ ಎನ್ನುತ್ತಿತ್ತು.

ಎರಡು ಗಂಟೆಯ ದಾರಿ. ಪೈನ್ ಮರಗಳ ನಡುವೆ ಇಳಿದರೆ ಕೆರೆ. (ಹೆಸರು ಹೇಳುವುದಿಲ್ಲ. ಹೇಳಿದರೆ ನೀವೆಲ್ಲ ಬಂದು ಸೇರುತ್ತೀರಿ.) ದಡದಲ್ಲಿ ಯಜಮಾನರ ಕಾರು, ಅದರ ಪಕ್ಕ ಹಿಂದೆ ಸಾಮಾನು ತುಂಬುವ ಒಂದು ಹಳೆಯ ಯೂಟ್ ಗಾಡಿ. ಮಡಚುವ ಕುರ್ಚಿಯಲ್ಲಿ ಕೂತು ಒಬ್ಬ ಅಜ್ಜಿ ಸ್ವೆಟರ್ ಹೆಣೆಯುತ್ತಿದ್ದರು, ಎಪ್ಪತ್ತು ದಾಟಿದ ಒಬ್ಬ ಅಜ್ಜ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಅಜ್ಜನ ಇನ್ನೊಂದು ಕೈಯಲ್ಲಿ ನಾನು ಕರಿದ ಕೋಡುಬಳೆ ಇತ್ತು.

ನನ್ನನ್ನು ನೋಡಿದವರೇ ಅಜ್ಜ ಎದ್ದು ನಿಂತು, "ಯೂ ಮಸ್ಟ್ ಬಿ ದ ಕೋಡುಬಳೆ ಲೇಡಿ" ಎಂದು ಕೈ ಕುಲುಕಿದರು. ಹೆಸರು ಕೆವಿನ್, ಹೆಂಡತಿ ಶೆಲ್ಲಿ. ಮೂರನೆಯ ಡಬ್ಬಿ ಯಾರ ಹೊಟ್ಟೆಗೆ ಹೋಗುತ್ತಿತ್ತೆಂದು ತಿಳಿಯಿತು. ನನ್ನ ಗಂಡ ಎಲ್ಲಿ ಎಂದು ಕೇಳಿದೆ. ಅವರು ಕೆರೆಯತ್ತ ಬೊಟ್ಟು ಮಾಡಿದರು.

ನೀರಿನ ನಡುವೆ ಬದರಿನಾಥರ ಮೇಲರ್ಧ ಮಾತ್ರ ಇತ್ತು. ಟೋಪಿ ಹಾಕಿಕೊಂಡು, ಆರಾಮಕುರ್ಚಿಯಲ್ಲಿ ಕೂತ ಹಾಗೆ ಒರಗಿಕೊಂಡು, ಕೈಯಲ್ಲಿ ಉದ್ದ ಗಾಳದ ಕೋಲು ಹಿಡಿದು, ಹಿಂದುಹಿಂದಕ್ಕೆ ತೇಲುತ್ತಿದ್ದರು. ಕೂಗಿದೆ. ಗಾಳಿಗೆ ಕೇಳಿಸಲಿಲ್ಲವೇನೋ, ಯಾರೋ ಅಪರಿಚಿತ ಹೆಂಗಸಿಗೆ ಮರ್ಯಾದೆಗೆ ಕೈಬೀಸುವಂತೆ ಬೀಸಿ ಇನ್ನಷ್ಟು ಹಿಂದಕ್ಕೆ ಹೋದರು. ಅವರ ಮಡಿಲಲ್ಲಿ ಒಂದು ಚೀಲ ಕಾಣುತ್ತಿತ್ತು. ಮೀನು ಇದ್ದರೆ ಅದರಲ್ಲೇ ಇರಬೇಕು.

"ನಾನು ಅಲ್ಲಿಗೆ ಹೋಗಬೇಕು" ಎಂದೆ ಕೆವಿನ್‌ಗೆ.

ಬೇರೆ ಯಾರಾದರೂ ಆಗಿದ್ದರೆ ಬೇಡ ಎನ್ನುತ್ತಿದ್ದರು. ಈ ದೇಶದ ಮುದುಕರಿಗೆ ಬೇಡ ಎನ್ನುವುದು ಗೊತ್ತಿಲ್ಲ, "ನೋ ವರೀಸ್" ಎನ್ನುತ್ತಾರೆ. ಶೆಲ್ಲಿಗೆ ಮಂಡಿ ನೋವಂತೆ, ಅವರ ಸಾಮಾನು ಸುಮ್ಮನೆ ಬಿದ್ದಿತ್ತು. ಸೀರೆಯುಟ್ಟು ಬಂದಿರಲಿಲ್ಲ, ಪುಣ್ಯಕ್ಕೆ ಚೂಡಿದಾರ. ಅದರ ಮೇಲೆ ಆ ಎದೆಮಟ್ಟದ ರಬ್ಬರ್ ಪ್ಯಾಂಟು ಏರಿಸಿ, ಜೀವರಕ್ಷಕ ಜಾಕೆಟು ಬಿಗಿದು, ಕಾಲಿಗೆ ಬಾತುಕೋಳಿಯ ಪಾದದಂಥ ಎರಡು ರಬ್ಬರ್ ಹಲಗೆ ಕಟ್ಟಿದರು. ಆಮೇಲೆ ಫ್ಲೋಟ್ ಟ್ಯೂಬ್ ಎಂಬ ವಾಹನ ತಂದರು. ಲಾರಿ ಟ್ಯೂಬಿನ ನಡುವೆ ಕುರ್ಚಿ ಹೊಲಿದಿದ್ದಾರೆ ಎಂದುಕೊಳ್ಳಿ. ಕೂತರೆ ಸೊಂಟದವರೆಗೆ ನೀರು, ಕಾಲು ಕೆಳಗೆ ಜೋತಾಡುತ್ತದೆ. ಕೋಲು ಇಲ್ಲದೆ ಯಾರೂ ಕೆರೆಗಿಳಿಯುವುದಿಲ್ಲ ಎಂಬಂತೆ ಕೆವಿನ್ ಶೆಲ್ಲಿಯ ಕೋಲನ್ನೂ ನನ್ನ ಕೈಗಿತ್ತು, ದಾರ ನೀರಿಗೆ ಬಿಟ್ಟು, ಪರವಾನಗಿಯಲ್ಲಿ ನಿನ್ನ ಹೆಸರಿದೆ ಎಂದು ಬ್ಯಾಡ್ರಿ ಹೇಳಿದ್ದಾನೆ ಎಂದರು. ನಮ್ಮ ಯಜಮಾನರು ಅಲ್ಲಿ ಬ್ಯಾಡ್ರಿ.

ಆ ವಾಹನದ ಒಂದು ಗುಣವನ್ನು ಅವರು ಹೇಳುವುದು ಮರೆತರು. ಕಾಲು ಒದ್ದರೆ ಅದು ಮುಂದೆ ಹೋಗುವುದಿಲ್ಲ, ಹಿಂದೆ ಹೋಗುತ್ತದೆ. ಗಂಡನನ್ನು ಹಿಡಿಯಬೇಕಾದರೆ ಗಂಡನಿಗೆ ಬೆನ್ನು ಹಾಕಿ ಒದೆಯಬೇಕು. ಹಾಗೆ ದಡವನ್ನೇ ನೋಡುತ್ತ, ಕೈಬೀಸುವ ಲಾಸ್ಯಾಳನ್ನು ನೋಡುತ್ತ, ಹಿಂದೆ ಏನಿದೆಯೋ ತಿಳಿಯದೆ ಒದೆಯುತ್ತ ಹೋದೆ. ಆದರೆ ಒಂದು ಮಾತು ಸುಳ್ಳಾಡಬಾರದು. ನಾಲ್ಕು ವರ್ಷದಿಂದ ಹಿಮ್ಮಡಿ ನೋವು ನನಗೆ. ಆ ನೀರಿನಲ್ಲಿ ಕಾಲು ಇದೆಯೋ ಇಲ್ಲವೋ ಎನ್ನುವಷ್ಟು ಹಗುರಾಗಿತ್ತು. ಸುತ್ತ ಒಂದು ಸದ್ದಿಲ್ಲ. ನಾನು ಕೂಡ ಮಾತನಾಡುತ್ತಿರಲಿಲ್ಲ, ಅದು ಎಷ್ಟು ಅಪರೂಪವೆಂದು ನಮ್ಮ ಮನೆಯವರನ್ನು ಕೇಳಿ.

ಬೆನ್ನಿಗೆ ಏನೋ ಮೆತ್ತಗೆ ತಾಗಿತು.

"ಸಾರಿ" ಎಂದಿತು ಹಿಂದಿನ ದನಿ.

"ಸಾರಿ ಆಮೇಲೆ ಹೇಳೋರಂತೆ. ಮೊದಲು ಆ ಚೀಲ ತೆಗೀರಿ" ಎಂದೆ.

ಬೆನ್ನಿಗೆ ಬೆನ್ನು ಹಚ್ಚಿಕೊಂಡು ಇಬ್ಬರೂ ತೇಲುತ್ತಿದ್ದೆವು.

"ಕಾಮೂ?"

"ಹೂಂ."

"ಇಲ್ಲಿ?"

"ಯಾಕೆ, ನೀವೊಬ್ರೇ ಬರ್ಬೇಕೂಂತ ಇದ್ಯಾ? ಲೈಸೆನ್ಸಲ್ಲಿ ನನ್ನ ಹೆಸರೂ ಇದ್ಯಲ್ಲ."

"ಅದಾ. ಫ್ಯಾಮಿಲಿದೇ ತಗೊಂಡೆ ಕಣೇ. ಒಬ್ರಿಗೇ ತಗೊಂಡ್ರೆ ಲಾಸು."

"ಮೀನು ಹಿಡಿಯೋದಕ್ಕೆ ಫ್ಯಾಮಿಲಿ ಪ್ಯಾಕಾ?"

"ನಾನು ಮೀನು ಹಿಡಿಯಲ್ಲ."

"ಮತ್ತೆ ಕೈಯಲ್ಲಿರೋದೇನು, ಪೊರಕೆನಾ?"

ಅವರು ತಿರುಗಲು ಹೋದರು, ನಾನೂ ತಿರುಗಲು ಹೋದೆ, ಇಬ್ಬರೂ ಒಂದೇ ಕಡೆಗೆ ತಿರುಗಿ ಮತ್ತೆ ಬೆನ್ನಿಗೆ ಬೆನ್ನೇ ಬಂತು. ನೀವು ನಿಲ್ಲಿ ನಾನು ತಿರುಗ್ತೀನಿ ಎಂದು ಎರಡು ಸುತ್ತು ಜಗಳವಾಡಿದ ಮೇಲೆ ಎದುರುಬದುರಾದೆವು. ಚೀಲ ಬಿಚ್ಚಿ ತೋರಿಸಿದರು. ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ, ಎರಡು ಕೋಡುಬಳೆ. ನಾನು ಚೀಲದ ತಳಕ್ಕೂ ಕೈಹಾಕಿ ನೋಡಿದೆ. ಮೀನಿನ ಒಂದು ಹುರುಪೆಯೂ ಇರಲಿಲ್ಲ. ಆಮೇಲೆ ಅವರು ತಮ್ಮ ದಾರ ಎಳೆದು ತುದಿ ತೋರಿಸಿದರು. ನನ್ನ ಗ್ಯಾರೇಜಿನ ಮಾಟದ ಕಂತೆ. ನೊಣದ ಹಾಗೆ ಕಾಣಲಿ ಎಂದು ಪುಕ್ಕ ಕಟ್ಟುವುದಂತೆ, ಟ್ರೌಟ್ ಮೀನು ನೊಣವೆಂದು ಬಾಯಿ ಹಾಕುತ್ತದಂತೆ.

"ನೋಡು, ಕೊಕ್ಕೆ ಎಲ್ಲಿದೆ? ಇಕ್ಕಳದಲ್ಲಿ ನಾನೇ ಕತ್ತರಿಸಿ ಹಾಕ್ತೀನಿ."

"ಕೊಕ್ಕೆ ಇಲ್ದೆ ಮೀನು ಹೇಗೆ ಸಿಗತ್ತೆ?"

"ಸಿಗಲ್ಲ. ಬಂದು ಮೂತಿ ಇಟ್ಟು ನೋಡಿ ಹೋಗತ್ತೆ."

"ಹಾಗಾದ್ರೆ ಲೈಸೆನ್ಸ್ ಯಾಕೆ?"

"ಕೋಲು ಹಿಡ್ಕೊಂಡು ಕೂತಿರೋನ್ನ ಯಾರಾದ್ರೂ ಬಂದು ಕೇಳಿದ್ರೆ ಕೊಕ್ಕೆ ಇಲ್ಲ ಸಾರ್ ಅಂತ ವಿವರಿಸ್ತಾ ಕೂರ್ಲಾ?"

"ಕೋಲೇ ಯಾಕೆ ಬೇಕಿತ್ತು? ಸುಮ್ನೆ ಕೂರಬಾರ್ದಾ?"

"ಸುಮ್ನೆ ಕೂತ್ರೆ ಏನಾಯ್ತು ಏನಾಯ್ತು ಅಂತ ಜನ ವಿಚಾರಿಸ್ತಾರೆ ಕಣೇ. ಕೈಯಲ್ಲಿ ಕೋಲಿದ್ರೆ ಯಾರೂ ಮಾತಾಡ್ಸಲ್ಲ."

"ಇದನ್ನ ಮನೇಲಿ ಹೇಳೋದಕ್ಕೇನಾಗಿತ್ತು ನಿಮ್ಗೆ?"

ಅವರು ದಾರವನ್ನು ನಿಧಾನವಾಗಿ ಸುತ್ತಿಕೊಂಡರು. "ಪಕ್ಕದ ಮನೆ ಮೊಟ್ಟೆಗೆ ರತ್ನಾನ ಆ ಗತಿ ಮಾಡ್ದೆ. ಮೀನಿರೋ ಕೆರೆಗೆ ಹೋಗ್ತೀನಿ ಅಂದ್ರೆ ನನ್ನ ಮನೇಲಿ ಇಟ್ಕೋತಿದ್ಯಾ? ಇಲ್ಲಿ ಕೂತ್ರೆ ಯಾರೂ ನನ್ನ ಮೇಲೆ ಅನುಮಾನ ಪಡಲ್ಲ ಕಾಮೂ. ಮೀನು ಕೂಡ."

ನಿಂಬೆಹಣ್ಣು ಇಟ್ಟದ್ದು, ಬಾಯಿ ಮೂಸಿದ್ದು, ಚೀಲದ ತಳಕ್ಕೆ ಕೈಹಾಕಿದ್ದು ಎಲ್ಲ ನೆನಪಾಗಿ ನಾಚಿಕೆಯಾಯಿತು. ತಪ್ಪಾಯ್ತು ಎಂದು ಹೇಳಲು ಬಾಯಿ ತೆರೆದೆ. (ಹದಿನೇಳು ವರ್ಷದಲ್ಲಿ ಮೊದಲ ಸಲ. ದಯವಿಟ್ಟು ಗಮನಿಸಿ.) ಅಷ್ಟರಲ್ಲಿ ನನ್ನ ಮಡಿಲ ಮೇಲಿದ್ದ ಕೋಲು ತಾನಾಗಿಯೇ ಎದ್ದು ಬಗ್ಗಿತು.

ಶೆಲ್ಲಿಯ ದಾರದ ತುದಿಯಲ್ಲಿ ಕೊಕ್ಕೆ ಇತ್ತು. ಶೆಲ್ಲಿ ಮೈಸೂರಿನವರಲ್ಲವಲ್ಲ.

"ಬಿಟ್ಬಿಡೇ ಕೋಲನ್ನ" ಎಂದು ಯಜಮಾನರು ಕೂಗಿದರು.

"ಹೇಗೆ ಬಿಡ್ಲಿ, ಬೇರೆಯೋರ ಸಾಮಾನು."

ಬೇರೆಯವರ ಸಾಮಾನು ಕಳೆಯಬಾರದೆಂಬುದು ಮೊದಲ ಕಾರಣ, ಅದು ನಿಜ. ಆದರೆ ದಾರ ಸರ್ರನೆ ಓಡಿ, ಟ್ಯೂಬು ನನ್ನ ಸಮೇತ ತಿರುಗಿ, ಹತ್ತು ಮಾರು ಆಚೆ ನೀರಿನಿಂದ ಬೆಳ್ಳಗೆ ಒಂದು ಮೈ ಚಿಮ್ಮಿ ಬಿದ್ದಾಗ ನನಗೆ ಶೆಲ್ಲಿಯೂ ನೆನಪಿರಲಿಲ್ಲ, ಸಾಮಾನೂ ನೆನಪಿರಲಿಲ್ಲ. ಕೆವಿನ್ ತಮ್ಮ ಪೊಂಟೂನ್ ಹತ್ತಿ ಬಂದರು. ಗಾಳಿ ತುಂಬಿದ ಎರಡು ದಿಂಡಿನ ನಡುವೆ ಕುರ್ಚಿ ಹಾಕಿ, ಅಕ್ಕಪಕ್ಕ ಹುಟ್ಟು ಕಟ್ಟಿದ ಸಣ್ಣ ದೋಣಿ ಅದು. ಎಳಿ, ಬಿಡು, ಕೋಲು ಮೇಲೆತ್ತು ಎಂದು ಹುಟ್ಟು ಹಾಕುತ್ತಲೇ ಹೇಳಿಕೊಟ್ಟರು. ಇನ್ನೂರು ಜನದ ಹುಳಿ ತಿರುವಿದ ರಟ್ಟೆ ನನ್ನದು, ಸೋಲಲಿಲ್ಲ. ಕಾಲು ಗಂಟೆಯ ಮೇಲೆ ಕೆವಿನ್ ಬಲೆಯೊಡ್ಡಿ ಅದನ್ನು ನನ್ನ ಕೈಗಿಟ್ಟರು.

ತಣ್ಣಗಿತ್ತು. ಬದಿಯಲ್ಲಿ ಗುಲಾಬಿ ಪಟ್ಟೆ, ಬೆನ್ನ ತುಂಬ ಎಳ್ಳು ಚೆಲ್ಲಿದಂಥ ಚುಕ್ಕೆ. ಎಷ್ಟು ಉದ್ದ ಎಂದು ನನ್ನ ಕಣ್ಣು ತಾನಾಗಿಯೇ ಅಳೆಯಿತು. ನನ್ನ ಕಣ್ಣಿಗೆ ಗೊತ್ತಿರುವ ಅಳತೆ ಒಂದೇ. ಬಳಗದ ಸೌಟು, ಅದರ ಮೇಲೆ ನಾಲ್ಕು ಬೆರಳು. ಕೊಕ್ಕೆ ಬಿಡಿಸಿ ನೀರಿನಲ್ಲಿ ಹಿಡಿದು ಕೈಸಡಿಲ ಮಾಡಿದೆ. ಬಾಲ ಒಮ್ಮೆ ಬೀಸಿ ಹೋಯಿತು. ನಾನು ನಗುತ್ತಿದ್ದೆ. ಎಷ್ಟೋ ವರ್ಷದ ಮೇಲೆ ಹಾಗೆ ನಕ್ಕಿದ್ದೆ.

ತಲೆಯೆತ್ತಿದರೆ ಯಜಮಾನರು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿದ್ದುದು ಅನುಮಾನ.

"ನಿಜ ಹೇಳು ಕಾಮೂ. ಇದು ಮೊದಲನೇ ಸಲಾನೇ?"

ವಾಪಸು ಬರುವಾಗ ಅವರ ಕಾರು ಹಿಂದೆ, ನಮ್ಮದು ಮುಂದೆ. ಲಾಸ್ಯಾಗೆ ದಾರಿಯುದ್ದಕ್ಕೂ ಉಪದೇಶ ಮಾಡಿದೆ. "ಇವತ್ತು ನಡ್ದಿದ್ದು ಸ್ಕೂಲಲ್ಲಿ, ಫ್ರೆಂಡ್ಸ್ ಹತ್ರ, ಯಾರ ಹತ್ರಾನೂ ಬಾಯಿ ಬಿಡ್ಬಾರ್ದು. ಗೊತ್ತಾಯ್ತಾ?"

"ನಾಟ್ ಈವನ್ ಇನ್ ಕನ್ನಡ?"

ನನಗೆ ನಗು ಬಂತು. "ಕನ್ನಡದಲ್ಲಿ ಬೇಕಾದ್ರೆ ಧಾರಾಳವಾಗಿ ಹೇಳ್ಕೋ" ಎಂದೆ.

ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಕೈಗೆ ಅರಿಸಿನ ಹಚ್ಚಿ ತೊಳೆದು, ದೇವರ ಮುಂದೆ ದೀಪ ಹಚ್ಚಿದೆ. ನಿಯಮದಲ್ಲಿ ಮೀನಿನ ಸುಳಿವು ಮನೆಯಲ್ಲಿ, ಕಾರಿನಲ್ಲಿ, ಕೈಯಲ್ಲಿ ಇರಕೂಡದು ಎಂದು ಬರೆದಿದ್ದೆ. ಕೈಯಲ್ಲಿ ಎಂಬ ಪದವನ್ನು ಸೇರಿಸಬೇಕಾದ ಅಗತ್ಯ ಏನಿತ್ತು ನನಗೆ? ಆದರೂ ಕಂಡವರಾರು? ಗಂಡ ಬಾಯಿಬಿಡುವವರಲ್ಲ, ಮೀನಂತೂ ಹೋಗಿಯಾಯಿತು.

ಯುಗಾದಿಯ ದಿನ ಭವನ ತುಂಬಿತ್ತು. ಇಲ್ಲಿ ಯುಗಾದಿಗೆ ಮರಗಳು ಚಿಗುರುವುದಿಲ್ಲ, ಎಲೆ ಉದುರಿಸುತ್ತವೆ, ನಾವು ಚಿಗುರಿತು ಎಂದೇ ಹಾಡುತ್ತೇವೆ. ಹೋಳಿಗೆ ಆಗಿತ್ತು, ಮಾವಿನಕಾಯಿ ಚಿತ್ರಾನ್ನ ಆಗಿತ್ತು. ಹುಳಿಗೆ ಕೊನೆಯ ಕೈ ಆಡಿಸಿ, ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮಕ್ಕಳ ಭಾಷಣ ನಡೆಯುತ್ತಿತ್ತು. ತೀರ್ಪುಗಾರರ ಕುರ್ಚಿಯಲ್ಲಿ ರತ್ನಾ ಕೂತಿದ್ದಳು, ಅಡುಗೆಮನೆ ಕೈತಪ್ಪಿದವರಿಗೆ ಬಳಗದಲ್ಲಿ ಸಿಗುವ ಸಮಾಧಾನ ಅದು.

ಲಾಸ್ಯಾ ಮೈಕಿನ ಮುಂದೆ ಬಂದಳು. "ಎಲ್ಲರಿಗೂ ನಮಸ್ಕಾರ. ಯುಗಾದಿ ಅಂದರೆ ಬೇವು ಬೆಲ್ಲ" ಎಂದಳು. ಅಲ್ಲಿಗೆ ನಿಂತುಹೋಯಿತು. ಮುಂದಿನ ವಾಕ್ಯಕ್ಕೆ ಬಾಯಿ ತೆರೆದಳು, ಮುಚ್ಚಿದಳು. ಬಾಗಿಲಲ್ಲಿ ನಾನು ತುಟಿಯಾಡಿಸಿ ಹೇಳಿಕೊಟ್ಟೆ, ಕಾಣಿಸಲಿಲ್ಲ. ಭವನವೆಲ್ಲ ಕಾಯುತ್ತಿತ್ತು. ಇಂಗ್ಲಿಷಿಗೆ ಇಳಿದುಬಿಡುತ್ತಾಳೆ, ಈ ವರ್ಷವೂ ಮಾನ ಹೋಯಿತು ಎಂದು ನನಗೆ ಅಳು ಬರುವಂತಾಯಿತು.

ಆಗ ಅವಳು ನನ್ನತ್ತ ನೋಡಿದಳು. ಮುಖದಲ್ಲಿ ಧೈರ್ಯ ಬಂತು.

"ನಮ್ಮಮ್ಮ ಕೆರೆಗೆ ಹೋದ್ರು" ಎಂದಳು, ಸ್ಪಷ್ಟವಾಗಿ. "ಟ್ಯೂಬಲ್ಲಿ ಕೂತ್ರು. ನಮ್ಮಪ್ಪ ಮೀನು ಹಿಡಿಯಲ್ಲ. ನಮ್ಮಮ್ಮ ಮೀನು ಹಿಡಿದ್ರು."

ಒಂದರ ಹಿಂದೆ ಒಂದು ನಾಲ್ಕು ಇಡೀ ವಾಕ್ಯ. ಒಂದು ಇಂಗ್ಲಿಷ್ ಕ್ರಿಯಾಪದವಿಲ್ಲ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು, ಮೊದಲು ಸಂತೋಷಕ್ಕೆ, ಆಮೇಲೆ ಅರ್ಥವಾದ ಮೇಲೆ ಬೇರೆ ಕಾರಣಕ್ಕೆ. ಹಿಂದಿನ ಸಾಲಿನಲ್ಲಿ ಯಜಮಾನರು ಟೋಪಿಯಿಂದ ಮುಖ ಮುಚ್ಚಿಕೊಂಡರು.

ಆದರೆ ದೇವರು ದೊಡ್ಡವನು. ಭವನದಲ್ಲಿ ಗೊಳ್ಳೆಂದು ನಗು ಎದ್ದಿತು. ಕಾಮಾಕ್ಷಿ ಮೀನು ಹಿಡಿಯುವುದೇ? ರತ್ನಾ ಕೂಡ ತಲೆಯಾಡಿಸಿ, "ಎಷ್ಟು ಚೆನ್ನಾಗಿ ಕಥೆ ಕಟ್ಟತ್ತೆ ಮಗು" ಎಂದು ಪಕ್ಕದವರಿಗೆ ಹೇಳಿದ್ದು ನನಗೇ ಕೇಳಿಸಿತು. ಯಾರೂ ನಂಬಲಿಲ್ಲ. ನಾನು ಬದುಕಿದೆ. ಇನ್ನು ಮುಗುಳ್ನಕ್ಕು ಒಳಗೆ ಹೋಗಿ ಹೋಳಿಗೆಗೆ ತುಪ್ಪ ಕಾಯಿಸುವುದಷ್ಟೇ ಬಾಕಿ.

"ಎಷ್ಟು ದೊಡ್ಡ ಮೀನು ಪುಟ್ಟಿ?" ಎಂದು ರತ್ನಾ ಮುದ್ದಾಗಿ ಕೇಳಿದಳು.

ಲಾಸ್ಯಾ ಯೋಚಿಸಿದಳು. ದಡದಿಂದ ನೋಡಿದವಳು, ಅವಳಿಗೇನು ಗೊತ್ತು. ಎರಡು ಕೈ ಎತ್ತಿ ಒಂದು ಗೇಣು ಅಗಲ ತೋರಿಸಿ, "ಸಣ್ಣ ಮೀನು" ಎಂದಳು.

"ಸಣ್ಣದಾ?"

ಆ ದನಿ ಯಾರದೆಂದು ನಾನೂ ಒಂದು ಕ್ಷಣ ತಿರುಗಿ ನೋಡಿದೆ. ನನ್ನದೇ. ಕಾಲು ಆಗಲೇ ಭವನದ ನಡುವಿಗೆ ಬಂದಿತ್ತು. "ಗೇಣಂತೆ ಗೇಣು. ಕಾಲು ಗಂಟೆ ಎಳ್ದಾಡಿದೀನಿ, ರಟ್ಟೆ ಇನ್ನೂ ನೋಯ್ತಿದೆ. ಎಷ್ಟಿತ್ತು ಗೊತ್ತಾ?" ಎಂದು ಸೌಟನ್ನು ಅಡ್ಡವಾಗಿ ಎತ್ತಿ ಹಿಡಿದು, ಹಿಡಿಯ ತುದಿಯಿಂದಾಚೆ ನಾಲ್ಕು ಬೆರಳಿಟ್ಟು ಇನ್ನೂರು ಜನಕ್ಕೂ ತೋರಿಸಿದೆ.

ನಗು ನಿಂತಿತು. ರತ್ನಾ ಕುರ್ಚಿಯಿಂದ ಎದ್ದು, ಅವಸರವಿಲ್ಲದೆ ನಡೆದು ಬಂದು ನನ್ನೆದುರು ನಿಂತಳು. ಸೌಟಿನ ಒಂದು ತುದಿಯನ್ನು ಎರಡು ಬೆರಳಿನಿಂದ ಹಿಡಿದು ನೋಡಿದಳು.

"ಇದಕ್ಕಿಂತ ಉದ್ದಾನಾ ಕಾಮಾಕ್ಷಿ?"

"ನಾಲ್ಕು ಬೆರಳು ಜಾಸ್ತಿ" ಎಂದೆ. ಅಷ್ಟು ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈ ಖಾಲಿಯಾಗಿತ್ತು.